ಆಯಿಲ್ ಹಾಕಿದ್ದನ್ನು ನೀವು ನೋಡಿದಿರಾ?

ಗಾಡಿ ಇಟ್ಟುಕೊಂಡವರ ಮನೆಯಲ್ಲಿ ಕೆಲವು ತಿಂಗಳಿಗೊಮ್ಮೆ ಈ ಮಾತು ಎದ್ದೇ ಏಳುತ್ತದೆ. ಆಯಿಲ್ ಬದಲಾಯಿಸಬೇಕು, ಎಲ್ಲಿಗೆ ಹೋಗೋಣ? ದೊಡ್ಡ ಗ್ಯಾರೇಜಿಗೆ ಬಿಟ್ಟರೆ ಒಂದು ದಿನದ ದುಡಿಮೆ ಹೋಯಿತು. ರಸ್ತೆ ಬದಿಯಲ್ಲಿ ಬೇಗ ಮಾಡಿಕೊಡುವ ಅಂಗಡಿಗೆ ಹೋದರೆ ಹದಿನೈದು ನಿಮಿಷ. ಆದರೆ ಆ ಹದಿನೈದು ನಿಮಿಷದಲ್ಲಿ ಅವರು ನಿಜವಾಗಿಯೂ ಕೆಲಸ ಮಾಡುತ್ತಾರೆಯೇ?

ಒಬ್ಬ ದರ್ಜಿಯ ಮನೆಯಲ್ಲೂ ಈ ಮಾತು ಎದ್ದಿತು. ದರ್ಜಿಯ ಹೆಂಡತಿ ವ್ಯಾನ್ ಓಡಿಸುತ್ತಿದ್ದಳು. ಕಿಡ್ನಿ ಕೆಟ್ಟ ಐದು ಜನರನ್ನು ವಾರಕ್ಕೆ ಮೂರು ದಿನ ಬೆಳಿಗ್ಗೆ ಅವರವರ ಮನೆ ಬಾಗಿಲಿನಿಂದ ಹತ್ತಿಸಿಕೊಂಡು ಆಸ್ಪತ್ರೆಯ ಡಯಾಲಿಸಿಸ್ ವಿಭಾಗಕ್ಕೆ ಮುಟ್ಟಿಸುವುದು, ಮಧ್ಯಾಹ್ನ ವಾಪಸ್ ಕರೆತರುವುದು ಅವಳ ಕೆಲಸ. ಉಳಿದ ದಿನ ಬೇರೆ ಬಾಡಿಗೆಗೆ ಓಡಿಸುತ್ತಿದ್ದಳು. ಎಲ್ಲರೂ ಅವಳನ್ನು ವ್ಯಾನಕ್ಕ ಎಂದೇ ಕರೆಯುತ್ತಿದ್ದರು.

ಅಂದು ಸಂಜೆ ವ್ಯಾನಕ್ಕ ಮನೆಗೆ ಫೋನ್ ಮಾಡಿ, "ದಾರೀಲೇ ಆಯಿಲ್ ಹಾಕಿಸ್ಕೊಂಡು ಬರ್ತೀನಿ, ಹೊಸ ಅಂಗಡಿ ಆಗಿದೆ," ಎಂದಳು.

ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿದನು. "ಹದಿನೈದು ನಿಮಿಷದ ಅಂಗಡೀನಾ? ಹದಿನೈದು ನಿಮಿಷದಲ್ಲಿ ನಂಗೆ ಒಂದು ಅಂಗಿಗೆ ಕಾಜಾ ಗುಂಡಿ ಹಾಕೋಕಾಗಲ್ಲ. ಹಳೇ ಎಣ್ಣೆ ಹಾಗೇ ಬಿಟ್ಟು ಹೊಸ ಸ್ಟಿಕ್ಕರ್ ಅಂಟಿಸಿ ಕಳಿಸ್ತಾರೆ, ನೋಡ್ತಿರು."

"ನಿಮ್ಮ ಕಣ್ಣಿಗೆ ಊರೆಲ್ಲ ಕಳ್ಳರೇ. ಅಷ್ಟು ಜನ ಹೋಗ್ತಾರಲ್ಲ, ಅವರೆಲ್ಲ ದಡ್ಡರಾ?"

ವ್ಯಾನಕ್ಕ ಅಂಗಡಿಗೆ ಹೋದಳು. ನೆಲದಲ್ಲಿ ಉದ್ದನೆಯ ಗುಂಡಿ ತೋಡಿದ್ದರು. ಗಾಡಿ ಅದರ ಮೇಲೆ ನಿಲ್ಲುತ್ತದೆ, ಕೆಲಸಗಾರ ಗುಂಡಿಯೊಳಗೆ ನಿಂತು ಕೆಳಗಿನಿಂದ ಕೆಲಸ ಮಾಡುತ್ತಾನೆ. "ಒಳಗೆ ಕೂತ್ಕೊಳ್ಳಿ ಮೇಡಂ, ಆದ್ಮೇಲೆ ಕರೀತೀವಿ," ಎಂದರು. ಒಳಗೆ ಗಾಜಿನ ಕೋಣೆ, ಮೆತ್ತನೆಯ ಕುರ್ಚಿ, ಗೋಡೆಗೆ ಟೀವಿ. ಬೆಳಗಿನಿಂದ ಸ್ಟೇರಿಂಗ್ ಹಿಡಿದ ಕೈಗಳನ್ನು ಮಡಿಲಲ್ಲಿಟ್ಟು ಅವಳು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದಳು. ಹೆಸರು ಕೂಗಿದಾಗ ಎದ್ದು ಬಂದಳು. ಮುಂದಿನ ಗಾಜಿನ ಮೂಲೆಯಲ್ಲಿ ಆಯಿಲ್ ಬದಲಾಯಿಸಿದ ದಿನ ಬರೆದ ಹೊಸ ಸ್ಟಿಕ್ಕರ್ ಇತ್ತು. ಬಿಲ್ಲು ತೆಗೆದುಕೊಂಡು ಹೊರಟಳು. ಗಾಡಿಯಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಚಳಿ ಇತ್ತು. ಐದೂ ಜನರನ್ನು ಹತ್ತಿಸಿಕೊಂಡಾಗ ಗಂಟೆ ಆರೂವರೆ. ಮುಂದಿನ ಸೀಟಿನಲ್ಲಿ ಎಂದಿನಂತೆ ಡಿಪೋ ಮಾವ. ಅವರು ಬಸ್ ಡಿಪೋದಲ್ಲಿ ಮೂವತ್ತೆರಡು ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಅವರ ಹಿಂದೆಯೇ ಟೀಚರಮ್ಮ, ಅವರೂ ನಿವೃತ್ತರು. ಹಿಂದಿನ ಬಾರಿ ಜ್ವರ ಬಂದು ಟೀಚರಮ್ಮನ ಒಂದು ಡಯಾಲಿಸಿಸ್ ತಪ್ಪಿಹೋಗಿತ್ತು. ಕಾಲು ಊದಿ ಚಪ್ಪಲಿಯೊಳಗೆ ಹಿಡಿಯುತ್ತಿರಲಿಲ್ಲ. ಮಾತಿನ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದರು.

ಆಸ್ಪತ್ರೆಗೆ ಇನ್ನು ಹತ್ತು ನಿಮಿಷದ ದಾರಿ ಇರುವಾಗ ಸ್ಟೇರಿಂಗ್ ಮುಂದೆ ಒಂದು ಕೆಂಪು ದೀಪ ಹೊತ್ತಿಕೊಂಡಿತು. ಎಣ್ಣೆಯ ಗಿಂಡಿಯಂಥ ಚಿತ್ರ, ಮೂತಿಯಿಂದ ಒಂದು ಹನಿ ಬೀಳುತ್ತಿರುವ ಹಾಗೆ.

"ನಿಲ್ಸು ತಾಯಿ," ಎಂದರು ಡಿಪೋ ಮಾವ.

"ನಿನ್ನೆ ತಾನೇ ಆಯಿಲ್ ಹಾಕ್ಸಿದೀನಿ ಮಾವ. ಹತ್ತೇ ನಿಮಿಷ. ನಿಮ್ಮನ್ನೆಲ್ಲ ಇಳಿಸಿ ನೋಡ್ತೀನಿ."

"ಹತ್ತು ನಿಮಿಷ ಅಲ್ಲ, ಹತ್ತು ಮಾರೂ ಬೇಡ. ಪಕ್ಕಕ್ಕೆ ತಗೊಂಡು ಎಂಜಿನ್ ಆಫ್ ಮಾಡು."

ಹಿಂದಿನಿಂದ ಟೀಚರಮ್ಮ ಮುಂದಕ್ಕೆ ಬಾಗಿದರು. "ನೋಡಿ, ಹೊತ್ತು ಮೀರಿದ್ರೆ ನಮ್ಮ ಮಿಷನ್ನು ಬೇರೆಯವರಿಗೆ ಹೋಗುತ್ತೆ. ನಂಗೆ ಇವತ್ತೂ ತಪ್ಪಿದ್ರೆ ಆಗಲ್ಲ. ದೀಪ ತಾನೇ, ಉರೀಲಿ ಬಿಡಿ."

"ನಂಗೂ ಇವತ್ತು ಬೇಕು ಟೀಚರಮ್ಮ. ಆದ್ರೆ ಈ ದೀಪ ಹತ್ತಿದ ಮೇಲೆ ಓಡಿಸಿದ್ರೆ ಎಂಜಿನ್ ಹಿಡ್ಕೊಂಡು ನಡುರಸ್ತೇಲಿ ನಿಲ್ಲುತ್ತೆ. ಹಿಂದೆ ಲಾರಿ ಬರ್ತಿರುತ್ತೆ. ಆಮೇಲೆ ಇವತ್ತೂ ಇಲ್ಲ, ನಾಳೇನೂ ಇಲ್ಲ."

ವ್ಯಾನಕ್ಕ ಗಾಡಿಯನ್ನು ಪಕ್ಕಕ್ಕೆ ತಂದು ಕೀ ತಿರುಗಿಸಿದಳು. ಬಾಗಿಲು ತೆರೆದಾಗ ಸುಟ್ಟ ಎಣ್ಣೆಯ ವಾಸನೆ ಬಂತು. ಬಗ್ಗಿ ನೋಡಿದಳು. ಗಾಡಿಯ ಹೊಟ್ಟೆಯಿಂದ ಎಣ್ಣೆ ಸುರಿಯುತ್ತಿತ್ತು. ಬಂದ ದಾರಿಯುದ್ದಕ್ಕೂ ಕಪ್ಪು ಗೆರೆ ಎಳೆದಂತೆ ಬಿದ್ದಿತ್ತು.

ಅವಳು ಆಸ್ಪತ್ರೆಗೆ ಫೋನ್ ಮಾಡಿದಳು. ನರ್ಸ್ ಎಲ್ಲವನ್ನೂ ಕೇಳಿಕೊಂಡು, "ಮಿಷನ್ ಹಿಡಿದಿಟ್ಟಿರ್ತೀನಿ, ಗಾಡಿ ಕಳಿಸ್ತೀನಿ," ಎಂದಳು. ಗಾಡಿ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತು ಟೀಚರಮ್ಮ ವ್ಯಾನಿನ ಮೆಟ್ಟಿಲ ಮೇಲೆ ನೆಟ್ಟಗೆ ಕೂತು ಉಸಿರಾಡುವುದೊಂದೇ ಕೆಲಸ ಎಂಬಂತೆ ಉಸಿರಾಡಿದರು. ಡಿಪೋ ಮಾವ ಅವರ ಬೆನ್ನಿಗೆ ತಮ್ಮ ಶಾಲು ಮಡಿಸಿ ಇಟ್ಟರು. ಯಾರೂ ವ್ಯಾನಕ್ಕನಿಗೆ ಏನೂ ಅನ್ನಲಿಲ್ಲ. ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು.

ಆ ದಿನ ಐವರಿಗೂ ತಡವಾಗಿಯಾದರೂ ಡಯಾಲಿಸಿಸ್ ಆಯಿತು.

ಮರುದಿನ ಡಯಾಲಿಸಿಸ್ ಇರಲಿಲ್ಲ. ಇನ್ನೊಂದು ಗಾಡಿಗೆ ಕಟ್ಟಿಸಿ ವ್ಯಾನನ್ನು ಅದೇ ಅಂಗಡಿಗೆ ಎಳೆಸಿಕೊಂಡು ಬಂದರು. ದರ್ಜಿ ಅಂಗಿಯ ತೋಳು ಮಡಿಸಿಕೊಂಡೇ ಬಂದಿದ್ದನು. ಡಿಪೋ ಮಾವನೂ ಕೋಲು ಊರಿಕೊಂಡು ಬಂದರು. ದಾರಿಯಲ್ಲೇ ಅವರು ದರ್ಜಿಗೆ, "ಕೂಗಾಡಬೇಡಿ. ಬಿಲ್ಲು ಕೈಲಿರಲಿ. ನಮ್ಮ ಕಣ್ಣೆದುರಿಗೇ ಬಿಚ್ಚಲಿ, ಫೋಟೋ ತೆಗೀರಿ. ಕೂಗಾಡಿದ್ರೆ ಅವರೂ ಕೂಗಾಡ್ತಾರೆ, ಕೆಟ್ಟಿದ್ದೇನು ಅಂತ ಕೊನೆಗೂ ಗೊತ್ತಾಗಲ್ಲ," ಎಂದಿದ್ದರು.

ಅಂಗಡಿಯ ಮ್ಯಾನೇಜರ್ ಬಿಲ್ಲು ನೋಡಿದನು. "ದಾರೀಲಿ ಕಲ್ಲು ಗಿಲ್ಲು ತಾಗಿರುತ್ತೆ. ನಮ್ಮ ಕೆಲಸದಲ್ಲಿ ಹಾಗೆಲ್ಲ ಆಗಲ್ಲ."

"ತಾಗಿದ್ರೆ ಗುರುತು ಇರುತ್ತೆ," ಎಂದರು ಡಿಪೋ ಮಾವ. "ಫಿಲ್ಟರ್ ಬಿಚ್ಚಿಸಿ, ನೋಡೋಣ."

ಗುಂಡಿಯೊಳಗಿದ್ದವನು ಐವತ್ತರ ಆಸುಪಾಸಿನ ಕನ್ನಡಕದ ಮನುಷ್ಯ. ಮೊನ್ನೆ ಸಂಜೆ ಆಯಿಲ್ ಬದಲಾಯಿಸಿದವನೂ ಅವನೇ. ಅವನು ಎಣ್ಣೆ ಸೋಸುವ ಡಬ್ಬಿಯನ್ನು, ಅಂದರೆ ಫಿಲ್ಟರನ್ನು, ತಿರುಗಿಸಿ ಬಿಚ್ಚಿದನು. ಅದರ ಬಾಯಿಗೆ ಒಂದು ರಬ್ಬರ್ ರಿಂಗ್ ಇತ್ತು, ಇರಬೇಕಾದದ್ದೇ. ಎಂಜಿನ್ನಿನ ಕಡೆ ಟಾರ್ಚ್ ಬಿಟ್ಟಾಗ ಅಲ್ಲಿ ಇನ್ನೊಂದು ರಿಂಗ್ ಅಂಟಿಕೊಂಡಿತ್ತು. ಒಂದು ಬದಿ ಹಿಸಿದು ಹೊರಗೆ ಚಾಚಿತ್ತು.

ಅವನು ಅದನ್ನು ಉಗುರಿನಿಂದ ಕಿತ್ತು ಅಂಗೈ ಮೇಲೆ ಇಟ್ಟುಕೊಂಡು ಮೇಲೆ ನೋಡಿದನು. "ಹಳೇ ಫಿಲ್ಟರಿಂದು. ಬಿಚ್ಚುವಾಗ ಅಲ್ಲೇ ಅಂಟ್ಕೊಂಡು ಉಳಿದಿದೆ. ನಾನು ನೋಡ್ಲಿಲ್ಲ. ಅದರ ಮೇಲೇನೇ ಹೊಸದು ಹಾಕ್ಬಿಟ್ಟಿದೀನಿ. ಎರಡು ರಿಂಗ್ ಆದ್ರೆ ಸರಿಯಾಗಿ ಕೂರಲ್ಲ, ಎಣ್ಣೆ ಸೋರುತ್ತೆ."

ಮ್ಯಾನೇಜರ್ ಬಗ್ಗಿ ಅದನ್ನು ನೋಡಿದನು.

"ಯಾಕೆ ನೋಡ್ಲಿಲ್ಲ?" ಎಂದಳು ವ್ಯಾನಕ್ಕ.

"ಎರಡು ಗಾಡಿ ಒಟ್ಟಿಗೆ ಇದ್ವಕ್ಕ. ಮೇಲಿಂದ ಟೈಂ ಕೂಗ್ತಿದ್ರು. ದಿನಾ ನೋಡ್ತೀನಿ. ಅವತ್ತು ನೋಡ್ಲಿಲ್ಲ." ಅವನು ಬೇರೆ ಸಬೂಬು ಹೇಳಲಿಲ್ಲ.

ಎಂಜಿನ್ ಒಳಗೆ ಏನೂ ಕೆಟ್ಟಿರಲಿಲ್ಲ. ದೀಪ ಹತ್ತಿದ ಕೂಡಲೇ ನಿಲ್ಲಿಸಿದ್ದರಿಂದ ಉಳಿಯಿತು ಎಂದು ಇನ್ನೊಂದು ಗ್ಯಾರೇಜಿನವರೂ ಪರೀಕ್ಷೆ ಮಾಡಿ ಹೇಳಿದರು. ಆ ಖರ್ಚನ್ನೆಲ್ಲ ಅಂಗಡಿಯೇ ವಹಿಸಿಕೊಂಡಿತು. ಮ್ಯಾನೇಜರ್ ತಪ್ಪಾಯಿತು ಎಂದು ಒಪ್ಪಿಕೊಂಡು ಬರೆದುಕೊಟ್ಟನು.

ವ್ಯಾನನ್ನು ಪರೀಕ್ಷೆಗೆ ಬಿಟ್ಟು ಮೂವರೂ ನಡೆದು ವಾಪಸ್ ಬರುವಾಗ ದರ್ಜಿ ಮಾತು ಶುರು ಮಾಡಿದನು. "ನಾನು ಹೇಳಿರ್ಲಿಲ್ವಾ? ಎಲ್ಲಾ ಮೋಸಗಾರರು."

"ಮೋಸ ಮಾಡೋರೂ ಇದಾರೆ," ಎಂದರು ಡಿಪೋ ಮಾವ. "ಹಳೇ ಎಣ್ಣೆ ಹಾಗೇ ಬಿಡೋರು, ಫಿಲ್ಟರ್ ಒರೆಸಿ ಅದನ್ನೇ ಹಾಕೋರು. ಇಲ್ಲ ಅನ್ನಲ್ಲ. ಆದ್ರೆ ಇದು ಮೋಸ ಅಲ್ಲ. ಹೊಸ ಎಣ್ಣೆ ಹಾಕಿದಾನೆ, ಹೊಸ ಫಿಲ್ಟರ್ ಹಾಕಿದಾನೆ. ಇದು ಅವಸರ. ಮೋಸ ಬೇರೆ, ಅವಸರ ಬೇರೆ. ಎಂಜಿನ್ನಿಗೆ ಮಾತ್ರ ಎರಡೂ ಒಂದೇ."

ಸ್ವಲ್ಪ ದೂರ ನಡೆದ ಮೇಲೆ ಅವರು ರಸ್ತೆ ಬದಿಯ ಕಟ್ಟೆಯ ಮೇಲೆ ಕೂತರು. ಡಯಾಲಿಸಿಸ್‌ನ ಮರುದಿನ ಅವರಿಗೆ ಹೆಚ್ಚು ನಡೆಯಲು ಆಗುತ್ತಿರಲಿಲ್ಲ.

"ನಾನೂ ಮಾಡಿದೀನಿ," ಎಂದರು. "ಕೆಲಸಕ್ಕೆ ಸೇರಿದ ಮೂರನೇ ವರ್ಷ. ಎಣ್ಣೆ ಇಳಿಸಿದ ಮೇಲೆ ತಳದ ನಟ್ಟು ವಾಪಸ್ ಹಾಕ್ತಾರಲ್ಲ, ಅದನ್ನ ಕೈಲಿ ತಿರುಗಿಸಿ ಕೂರಿಸಿದ್ದೆ. ಸ್ಪ್ಯಾನರ್ ಹಾಕಿ ಬಿಗಿ ಮಾಡ್ಬೇಕು, ಅಷ್ಟರಲ್ಲಿ ಯಾರೋ ಟೀಗೆ ಕರೆದ್ರು. ಹೋದೆ, ಬಂದೆ, ಬಿಗಿ ಮಾಡಿದೀನಿ ಅಂದ್ಕೊಂಡೆ. ಬಸ್ಸು ಏರು ರಸ್ತೇಲಿ ನಿಂತ್ಹೋಯ್ತು. ಅದರಲ್ಲಿ ಹೆರಿಗೆಗೆ ಹೊರಟ ಹೆಣ್ಣುಮಗಳೊಬ್ಬಳು ಇದ್ದಳು."

ದರ್ಜಿ ಅವರ ಪಕ್ಕದಲ್ಲಿ ಕೂತನು.

"ಹಿಂದೆ ಬಂದ ಲಾರಿಯವನು ಕರ್ಕೊಂಡು ಹೋದ. ತಾಯಿ ಮಗು ಇಬ್ಬರೂ ಚೆನ್ನಾಗಿದ್ರು. ಅದು ನನ್ನ ಪುಣ್ಯ, ನನ್ನ ಕೆಲಸ ಅಲ್ಲ." ಅವರು ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು. "ಆಮೇಲೆ ಡಿಪೋದಲ್ಲಿ ಒಂದು ನಿಯಮ ತಂದ್ರು. ಕೆಲಸ ಮಾಡಿದವನೇ ಆಯ್ತು ಅಂತ ಸಹಿ ಹಾಕೋ ಹಾಗಿಲ್ಲ. ಇನ್ನೊಬ್ಬ ಬಂದು ನಟ್ಟು ಮುಟ್ಟಿ ನೋಡ್ಬೇಕು. ಎಷ್ಟೇ ಬಲ್ಲವನಾಗಿರ್ಲಿ, ಇನ್ನೊಂದು ಜೊತೆ ಕಣ್ಣು ಬೇಕು. ಈ ಅಂಗಡೀಲಿ ಆ ಕಣ್ಣು ಯಾರದು ಹೇಳು ತಾಯಿ?"

"ಯಾರದೂ ಇಲ್ಲ," ಎಂದಳು ವ್ಯಾನಕ್ಕ.

"ಇದೆ. ಗಾಜಿನ ಕೋಣೇಲಿ ಮುಚ್ಕೊಂಡು ಕೂತಿತ್ತು."

ವ್ಯಾನಕ್ಕನಿಗೆ ನಗು ಬಂತು, ಜೊತೆಗೆ ನಾಚಿಕೆಯೂ ಆಯಿತು.

ಆದರೆ ದರ್ಜಿ ಒಪ್ಪಲಿಲ್ಲ. ಕೆಲವು ವಾರ ಕಳೆದ ಮೇಲೆ ಅವನು ಗಾಡಿ ಎತ್ತುವ ಒಂದು ಜಾಕ್ ಕೊಂಡುತಂದನು. ಮುಂದಿನ ಸಲ ಎಣ್ಣೆಯನ್ನು ಮನೆಯ ಮುಂದೆ ತಾನೇ ಬದಲಾಯಿಸುವುದಾಗಿ ಹೇಳಿದನು. ಒಂದು ದಿನ ಡಿಪೋ ಮಾವ ಬಂದಾಗ ವ್ಯಾನು ಇಳಿಜಾರಿನ ಓಣಿಯಲ್ಲಿ ಜಾಕ್ ಮೇಲೆ ನಿಂತಿತ್ತು. ದರ್ಜಿಯ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು.

"ಎದ್ದು ಈಚೆ ಬನ್ನಿ," ಎಂದರು ಅವರು, ದನಿ ಏರಿಸದೆ. "ಒಂದೇ ಜಾಕ್ ನಂಬ್ಕೊಂಡು ಗಾಡಿ ಕೆಳಗೆ ಮಲಗಬಾರದು. ಜಾರಿದ್ರೆ ನಿಮ್ಮ ಅಳತೆ ಬೇರೆ ದರ್ಜಿ ತಗೋಬೇಕಾಗುತ್ತೆ."

ದರ್ಜಿ ತೆವಳಿಕೊಂಡು ಹೊರಗೆ ಬಂದನು. ತಳದ ನಟ್ಟನ್ನು ಇನ್ನೂ ಬಿಚ್ಚಿರಲಿಲ್ಲ.

"ಇಳಿಸಿದ ಮೇಲೆ ಹಳೇ ಎಣ್ಣೆ ಏನು ಮಾಡ್ತೀರಿ?"

"ಮೋರಿ ಇದೆಯಲ್ಲ."

"ಮೋರಿಗೆ ಬಿಟ್ರೆ ಅದು ಎಲ್ಲಿಗೆ ಹೋಗುತ್ತೆ? ಊರ ನೀರಿಗೇ ತಾನೇ? ಅಂಗಡಿಯವರು ಅದನ್ನ ಪೀಪಾಯೀಲಿ ತುಂಬಿಟ್ಟು, ಶುದ್ಧಿ ಮಾಡೋರಿಗೆ ಕೊಡ್ತಾರೆ. ಕಲಿತು, ಸರಿಯಾದ ಸಾಮಾನು ಇಟ್ಕೊಂಡು ಮನೇಲಿ ಮಾಡೋದು ತಪ್ಪಲ್ಲ. ನೀವು ಮಾಡ್ತಿರೋದು ಕಲಿಕೆ ಅಲ್ಲ, ಕೋಪ. ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗೆ."

"ಹಾಗಾದ್ರೆ ಮತ್ತೆ ಅವರ ಹತ್ರಾನೇ ಹೋಗಿ ನಂಬಿ ಅಂತೀರಾ ಮಾವ?"

"ನಂಬಿ ಅಂತ ನಾನೆಲ್ಲಿ ಅಂದೆ? ಹೋಗಿ, ನಿಂತು ನೋಡಿ ಅಂತೀನಿ. ನಿಮ್ಮ ಹತ್ರ ಬಟ್ಟೆ ಕೊಟ್ಟೋರು ತಗೊಂಡು ಹೋಗೋವಾಗ ಹಾಕಿ ನೋಡಲ್ವಾ?"

"ನೋಡ್ತಾರೆ."

"ನಿಮಗೆ ಬೇಜಾರಾಗುತ್ತಾ?"

ದರ್ಜಿ ಯೋಚಿಸಿದನು. "ಇಲ್ಲ. ಹಾಕಿ ನೋಡದೆ ಹೋದೋರೇ ಆಮೇಲೆ ಜಗಳಕ್ಕೆ ಬರೋದು."

"ಮತ್ತೆ?"

ಆ ದಿನವೇ ಡಿಪೋ ಮಾವ ಗಂಡ ಹೆಂಡತಿ ಇಬ್ಬರಿಗೂ ಆಯಿಲ್ ಕಡ್ಡಿ ತೋರಿಸಿಕೊಟ್ಟರು. ಎಂಜಿನ್ನಿನಲ್ಲಿ ಎಣ್ಣೆ ಎಷ್ಟಿದೆ ಎಂದು ತಿಳಿಯುವ ಕಡ್ಡಿ ಅದು. ಗಾಡಿಯನ್ನು ಸಮತಟ್ಟಾದ ಜಾಗಕ್ಕೆ ತಂದು, ಎಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರು. ಕಡ್ಡಿ ಎಳೆದು ಬಟ್ಟೆಯಿಂದ ಒರೆಸಿ, ಮತ್ತೆ ಪೂರ್ತಿ ಒಳಗೆ ಬಿಟ್ಟು ತೆಗೆಯಲು ಹೇಳಿದರು. ಕಡ್ಡಿಯ ತುದಿಯಲ್ಲಿ ಎರಡು ಗುರುತು.

"ಎಣ್ಣೆ ಈ ಎರಡರ ಮಧ್ಯೆ ಇರ್ಬೇಕು. ಕೆಳಗಿನ ಗುರುತಿಗಿಂತ ಇಳಿದ್ರೂ ಕೆಟ್ಟದ್ದು, ಮೇಲಿನದನ್ನ ದಾಟಿದ್ರೂ ಕೆಟ್ಟದ್ದು. ಹೆಚ್ಚು ಹಾಕಿದ್ರೆ ಒಳ್ಳೇದು ಅನ್ನೋಕೆ ಇದು ಒಗ್ಗರಣೆ ಅಲ್ಲ."

"ಬಣ್ಣ ನೋಡಿದ್ರೆ ಗೊತ್ತಾಗಲ್ವಾ ಮಾವ?" ಎಂದಳು ವ್ಯಾನಕ್ಕ.

"ಪೆಟ್ರೋಲ್ ಗಾಡೀಲಿ ಹೊಸ ಎಣ್ಣೆ ಜೇನುತುಪ್ಪದ ಹಾಗೆ ಇರುತ್ತೆ. ನಿಂದು ಡೀಸೆಲ್. ಹೊಸದು ಹಾಕಿದ್ರೂ ಬೇಗ ಕಪ್ಪಾಗುತ್ತೆ. ಬರೀ ಬಣ್ಣ ನೋಡಿ ಕಳ್ಳ ಅನ್ಬೇಡ. ಹಾಕೋವಾಗಲೇ ನೋಡು. ಯಾವ ಎಣ್ಣೆ ಬೇಕು ಅಂತ ಗಾಡಿ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತೆ. ಡಬ್ಬಿ ಮೇಲೆ ಅದೇ ನಂಬರ್ ಇದೆಯಾ, ಸೀಲು ಒಡೆಯದೆ ಇದೆಯಾ, ಅದನ್ನ ಕೇಳು."

ಮುಂದಿನ ಸಲ ಆಯಿಲ್ ಬದಲಾಯಿಸುವ ಹೊತ್ತಿಗೆ ವ್ಯಾನಕ್ಕ ಮೊದಲು ಬೇರೊಂದು ಅಂಗಡಿಗೆ ಹೋದಳು. ದರ್ಜಿಯೂ ಜೊತೆಗಿದ್ದನು. ಅಲ್ಲಿಯವರು ನಗುನಗುತ್ತಾ ಬರಮಾಡಿಕೊಂಡರು. ನಿಂತು ನೋಡಬೇಕು ಎಂದಾಗ ನಗು ಮಾಯವಾಯಿತು.

"ಕಸ್ಟಮರ್ ಇಲ್ಲಿ ನಿಲ್ಲೋ ಹಾಗಿಲ್ಲ ಮೇಡಂ."

"ಗುಂಡಿ ಹತ್ರ ಬರಲ್ಲ. ಆ ಹಳದಿ ಗೆರೆ ಆಚೆ ನಿಲ್ತೀನಿ. ಹಳೇ ಫಿಲ್ಟರ್ ತಂದು ತೋರಿಸಿದ್ರೆ ಸಾಕು."

"ನಮ್ಮ ಮೇಲೆ ನಂಬಿಕೆ ಇಲ್ಲ ಅಂದ್ರೆ ಯಾಕೆ ಬಂದ್ರಿ?"

ವ್ಯಾನಕ್ಕ ಗಾಡಿ ಹಿಂದಕ್ಕೆ ತೆಗೆದಳು. ಅಲ್ಲಿಂದ ಹಳೆಯ ಅಂಗಡಿಯತ್ತಲೇ ತಿರುಗಿಸಿದಾಗ ದರ್ಜಿ, "ಅಲ್ಲಿಗಾ?" ಎಂದನು.

"ತಪ್ಪಾಯ್ತು ಅಂದೋರು ಅವರೊಬ್ಬರೇ ಅಲ್ವಾ?"

ಅಂಗಡಿ ಹಾಗೇ ಇತ್ತು. ಮ್ಯಾನೇಜರ್ ಅವರನ್ನು ನೋಡಿ ಎದ್ದು ನಿಂತನು. ಅವಳು ಕೇಳಿದ್ದಕ್ಕೆ ತಲೆಯಾಡಿಸಿ ಹಳದಿ ಗೆರೆಯ ಹತ್ತಿರ ಜಾಗ ಮಾಡಿಕೊಟ್ಟನು. ಕನ್ನಡಕದವನು ಗುಂಡಿಯಲ್ಲೇ ಇದ್ದನು. ಹಳೆಯ ಎಣ್ಣೆ ಇಳಿಯಿತು. ಅವನು ಫಿಲ್ಟರ್ ಬಿಚ್ಚಿ ಮೆಟ್ಟಿಲು ಹತ್ತಿ ಬಂದು, ಅದನ್ನು ಮಗುಚಿ ಅವಳಿಗೆ ತೋರಿಸಿದನು.

"ಅಕ್ಕ, ರಿಂಗ್ ಇದರಲ್ಲೇ ಇದೆ. ಮುಟ್ಟಿ ನೋಡಿ. ಎಂಜಿನ್ ಕಡೆ ಒರೆಸಿದೀನಿ, ಫೋನಲ್ಲಿ ಫೋಟೋನೂ ತೆಗೆದಿದೀನಿ. ಈಗ ಎಲ್ಲರಿಗೂ ಹೀಗೇ ತೋರಿಸ್ತೀನಿ. ಕೆಲವರು ನೋಡೋದೇ ಇಲ್ಲ, ಕೈ ಬೀಸಿ ಹೋಗು ಅಂತಾರೆ."

ಅವಳು ಮುಟ್ಟಿ ನೋಡಿದಳು. ತಳದ ನಟ್ಟಿಗೆ ಸ್ಪ್ಯಾನರ್ ಹಾಕಿದ್ದನ್ನು ದರ್ಜಿ ಬಗ್ಗಿ ನೋಡಿದನು. ಡಬ್ಬಿಯ ಸೀಲನ್ನು ಅವರ ಎದುರಿಗೇ ಒಡೆದರು. ಎಣ್ಣೆ ಹಾಕಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಕೆಲವು ನಿಮಿಷ ಓಡಲು ಬಿಟ್ಟರು. ಕೆಂಪು ದೀಪ ಒಮ್ಮೆ ಹೊತ್ತಿ ಆರಿತು. ಕನ್ನಡಕದವನು ಕೆಳಗಿನಿಂದ ಟಾರ್ಚ್ ಬಿಟ್ಟು, "ಒಣಗಿದೆ, ಒಂದು ಹನೀನೂ ಇಲ್ಲ," ಎಂದು ಕೂಗಿದನು. ಎಂಜಿನ್ ಆಫ್ ಮಾಡಿ ಎಣ್ಣೆ ಕೆಳಗಿಳಿಯಲು ಕಾದರು. ಆಮೇಲೆ ವ್ಯಾನಕ್ಕ ಕಡ್ಡಿ ಎಳೆದು ಒರೆಸತೊಡಗಿದಳು.

ಅಷ್ಟರಲ್ಲಿ ಹಿಂದಿನ ಕಾರಿನವನು ಹಾರ್ನ್ ಒತ್ತಿದನು. ಮತ್ತೆ ಒತ್ತಿದನು. ತಲೆ ಹೊರಗೆ ಹಾಕಿ, "ಎಷ್ಟೊತ್ತು ಸ್ವಾಮಿ? ಬೇಗ ಆಗುತ್ತೆ ಅಂತ ತಾನೇ ಇಲ್ಲಿಗೆ ಬರೋದು," ಎಂದನು.

ದರ್ಜಿ ಕಾರಿನ ಹತ್ತಿರ ಹೋದನು. ಗಂಡ ಜಗಳಕ್ಕೇ ಹೊರಟನು ಎಂದು ವ್ಯಾನಕ್ಕ ಕಡ್ಡಿ ಕೈಯಲ್ಲಿ ಹಿಡಿದೇ ತಿರುಗಿದಳು. ಅವನು ಕಿಟಕಿಗೆ ಕೈ ಊರಿ ನಿಧಾನವಾಗಿ ಮಾತಾಡುತ್ತಿದ್ದನು.

"ಐದು ನಿಮಿಷ ಅಣ್ಣ. ನಿಮ್ಮ ಗಾಡಿ ಸರದಿ ಬಂದಾಗ ನೀವೂ ಒಳಗೆ ಕೂರ್ಬೇಡಿ, ಇಳಿದು ಬಂದು ನೋಡಿ. ಕೆಲಸದವರು ಒಳ್ಳೇ ಮನುಷ್ಯರೇ. ನಾವು ನೋಡ್ತಾ ನಿಂತ್ರೆ ಅವರಿಗೂ ಅವಸರ ಮಾಡೋ ಹಾಗಿರಲ್ಲ."

ಕಾರಿನವನು ಹಾರ್ನಿನಿಂದ ಕೈ ತೆಗೆದನು. ಆಮೇಲೆ ಬಾಗಿಲು ತೆರೆದು ಇಳಿದನು.

ಓದುಗರೇ, ಕೇಳುಗರೇ, ಬೇಗ ಆಯಿಲ್ ಬದಲಾಯಿಸಿಕೊಡುವ ಅಂಗಡಿಗಳನ್ನು ನಂಬಬಹುದೇ ಎಂದು ನೀವು ಕೇಳಬಹುದು. ಎಲ್ಲರೂ ಕಳ್ಳರಲ್ಲ, ಎಲ್ಲರೂ ಸಾಚಾ ಅಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಕಾಣದೇ ಇದ್ದದ್ದಕ್ಕೆ ಬಿಲ್ಲು ಕಟ್ಟಿ ಬರುವುದು ಯಾವ ಜಾಣತನ? ಗಾಡಿಯ ಪುಸ್ತಕ ತೆಗೆದು ನಿಮಗೆ ಬೇಕಾದ ಎಣ್ಣೆ ಯಾವುದೆಂದು ಇಂದೇ ಬರೆದಿಟ್ಟುಕೊಳ್ಳಿ. ಸುರಕ್ಷಿತವಾದ ಜಾಗದಲ್ಲಿ ನಿಂತು ಕೆಲಸ ನೋಡಿ, ಹಳೆಯ ಫಿಲ್ಟರ್ ತೋರಿಸಿ ಎಂದು ಕೇಳಿ. ಹೊರಡುವ ಮೊದಲು ಕಡ್ಡಿ ಎಳೆದು ನೋಡಿ, ಗಾಡಿಯ ಕೆಳಗೂ ಒಮ್ಮೆ ಬಗ್ಗಿ ನೋಡಿ. ಎಷ್ಟು ಕಿಲೋಮೀಟರ್ ಓಡಿದ್ದಾಗ ಬದಲಾಯಿಸಿದರೆಂದು ಬರೆದ ಬಿಲ್ಲನ್ನು ಜೋಪಾನವಾಗಿಡಿ. ನೋಡಲು ಬಿಡದ ಅಂಗಡಿಯಿಂದ ಜಗಳವಾಡದೆ ಹೊರಟುಬಿಡಿ. ಓಡಿಸುವಾಗ ಆ ಕೆಂಪು ದೀಪ ಹೊತ್ತಿಕೊಂಡರೆ, ಎಷ್ಟೇ ತುರ್ತಿದ್ದರೂ ಗಾಡಿಯನ್ನು ಪಕ್ಕಕ್ಕೆ ತಂದು ಎಂಜಿನ್ ನಿಲ್ಲಿಸಿ. ನಿಮ್ಮ ಗಾಡಿಯೊಳಗೆ ಕೂತವರು ನಿಮ್ಮ ಕೈಯನ್ನು ನಂಬಿ ಕೂತಿರುತ್ತಾರೆ.